‘ನೂರು ವರ್ಷಕ್ಕೊಮ್ಮೆ’ ಅನ್ನೋ ಮಾತು ಇನ್ನು ಸಾಕು

ಕತಾರ್‌ನಲ್ಲಿ ಒಂದೂ ನದಿ ಇಲ್ಲ. ದೋಹಾದಲ್ಲಿ ಕೂತು ಹೊಳೆ ಬರೋ ಲೆಕ್ಕದ ಬಗ್ಗೆ ಬರೀತಾಳಲ್ಲ ಇವಳು ಅಂತ ನಿಮಗೆ ಅನ್ನಿಸಬಹುದು. ಆದರೆ ನದಿ ಇಲ್ಲದ ಊರಿಗೂ ಈ ಲೆಕ್ಕ ಬೇಕು. 2015ರ ನವೆಂಬರ್‌ನಲ್ಲಿ ದೋಹಾದಲ್ಲಿ ದೊಡ್ಡ ಮಳೆ ಬಂದು ರಸ್ತೆಗಳೆಲ್ಲ ಕೆರೆಯಾದವು. 2018ರ ಅಕ್ಟೋಬರ್ 20ರಂದು ಮತ್ತೆ ಬಂತು. ಆವತ್ತು ಇಲ್ಲಿ ವರ್ಷವಿಡೀ ಬೀಳುವಷ್ಟು ಮಳೆ ಹೆಚ್ಚುಕಡಿಮೆ ಒಂದೇ ದಿನ ಬಿತ್ತು. 2024ರ ಏಪ್ರಿಲ್ 16ರಂದು ಪಕ್ಕದ ಯುಎಇಯ ಅಲ್ ಐನ್ ಕಡೆ ಒಂದು ಕೇಂದ್ರದಲ್ಲಿ 24 ಗಂಟೆಯೊಳಗೆ 254 ಮಿಲಿಮೀಟರ್ ಮಳೆ ದಾಖಲಾಯಿತು. 1949ರಲ್ಲಿ ಆ ದೇಶದ ದಾಖಲೆ ಶುರುವಾದ ಮೇಲೆ ಅಷ್ಟು ಮಳೆ ಕಂಡಿರಲಿಲ್ಲ.

ಇಂಥ ಮಳೆ ಬಂದಾಗೆಲ್ಲ ಎಲ್ಲರ ಬಾಯಲ್ಲೂ ಒಂದೇ ಸಮಾಧಾನ: “ಇದು ನೂರು ವರ್ಷಕ್ಕೊಮ್ಮೆ ಬರೋದು ಬಿಡಿ.” ಈ ಮಾತು ನನಗೆ ಹೊಸದಲ್ಲ. ನಾನು ಬಾಗಲಕೋಟೆ ಜಿಲ್ಲೆಯವಳು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದಲ್ಲಿ ನೆರೆ ಬಂದು 200ಕ್ಕೂ ಹೆಚ್ಚು ಜನ ತೀರಿಕೊಂಡರು. ಆಗ ನನಗೆ ಎಂಟು ವರ್ಷ. ಮಲಪ್ರಭಾ ದಂಡೆಯಲ್ಲಿರುವ ನಮ್ಮ ಸೋದರಮಾವನ ಊರಲ್ಲಿ ಹಿರಿಯರು ಹೇಳ್ತಿದ್ದದ್ದು ಇದೇ: “ನೂರು ವರ್ಷಕ್ಕ ಒಮ್ಮೆ ಬರೂ ಹೊಳಿ ಇದು. ಬಂದು ಹೋತು. ಇನ್ನ ನಮ್ಮ ಮೊಮ್ಮಕ್ಕಳ ಕಾಲಕ್ಕ ನೋಡೂಣು.” ಮೊಮ್ಮಕ್ಕಳ ಕಾಲದವರೆಗೆ ಹೊಳೆ ಕಾಯಲಿಲ್ಲ. 2019ರ ಆಗಸ್ಟ್‌ನಲ್ಲಿ ಅದೇ ಮಲಪ್ರಭಾ, ಅದೇ ಘಟಪ್ರಭಾ, ಅದೇ ಕೃಷ್ಣಾ ಮತ್ತೆ ಊರೊಳಗೆ ಬಂದವು. ಪಟ್ಟದಕಲ್ಲಿನ ದೇವಾಲಯಗಳ ಅಂಗಳದಲ್ಲಿ ನೀರು ನಿಂತ ಫೋಟೋ ನೀವೂ ನೋಡಿರ್ತೀರಿ. ಹತ್ತು ವರ್ಷಕ್ಕೆ ಇನ್ನೂ ಎರಡು ತಿಂಗಳು ಬಾಕಿ ಇತ್ತು.

ಹಾಗಾದರೆ ಎಂಜಿನಿಯರುಗಳ ಲೆಕ್ಕ ತಪ್ಪಾ? ನನ್ನ ಅಭಿಪ್ರಾಯ ಇಷ್ಟು: ಲೆಕ್ಕದ ವಿಧಾನ ಕೆಟ್ಟದ್ದಲ್ಲ, ಅದನ್ನ ಜನರಿಗೆ ದಾಟಿಸಿದ ಮಾತು ಕೆಟ್ಟದ್ದು. ‘ನೂರು ವರ್ಷಕ್ಕೊಮ್ಮೆ’ ಅನ್ನೋದನ್ನ ನಾವು ಬಿಡಬೇಕು. ಅದರ ಜಾಗದಲ್ಲಿ ಊರೂರಿಗೂ ಒಂದು ಪ್ರಾಮಾಣಿಕ ಅಂಕಿ ಬೇಕು, ಆ ಅಂಕಿ ಎಷ್ಟು ಅಲುಗಾಡುತ್ತೆ ಅನ್ನೋದನ್ನೂ ಅದರ ಜೊತೆಗೇ ಹೇಳಬೇಕು. ಯಾಕೆ ಅಂತ ಹೇಳ್ತೀನಿ. ಗಣಿತ ಅಂದ್ರೆ ಓಡಿಹೋಗೋರೂ ಸ್ವಲ್ಪ ಹೊತ್ತು ಇರಿ, ಪಿಯುಸಿ ಗಣಿತಕ್ಕಿಂತ ಜಾಸ್ತಿ ಏನೂ ಇಲ್ಲ.

ಲೆಕ್ಕ ಹಾಕೋದು ಹೇಗೆ?

ಒಂದು ನದಿಯ ಒಂದು ಜಾಗದಲ್ಲಿ ದಿನಾ ನೀರಿನ ಮಟ್ಟ ಅಳೀತಾರೆ. ಆ ಮಟ್ಟದಿಂದ ಎಷ್ಟು ಕ್ಯುಸೆಕ್ ಹರೀತಾ ಇದೆ ಅಂತ ಲೆಕ್ಕ ಹಾಕ್ತಾರೆ. ಪ್ರತಿ ವರ್ಷದ ಅತಿ ದೊಡ್ಡ ಹರಿವು ಯಾವುದೋ ಅದೊಂದನ್ನ ಮಾತ್ರ ಎತ್ತಿಟ್ಟುಕೊಳ್ತಾರೆ. 40 ವರ್ಷದ ದಾಖಲೆ ಇದ್ದರೆ 40 ಅಂಕಿ. ಅವನ್ನ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸ್ತಾರೆ. ವರ್ಷಗಳ ಸಂಖ್ಯೆಗೆ ಒಂದು ಕೂಡಿಸಿ ಆ ಅಂಕಿಯ ಸ್ಥಾನದಿಂದ ಭಾಗಿಸಿದರೆ ಅದು ಸರಾಸರಿ ಎಷ್ಟು ವರ್ಷಕ್ಕೊಮ್ಮೆ ಬರುತ್ತೆ ಅನ್ನೋ ಅಂದಾಜು ಸಿಗುತ್ತೆ. ಮೊದಲ ಸ್ಥಾನದ್ದಕ್ಕೆ 41 ವರ್ಷ, ಎರಡನೆಯದಕ್ಕೆ ಇಪ್ಪತ್ತೂವರೆ ವರ್ಷ. ಇದಕ್ಕೆ ರಿಟರ್ನ್ ಪೀರಿಯಡ್ ಅಂತಾರೆ. ಇಲ್ಲಿವರೆಗೆ ನಮ್ಮ ಅಜ್ಜಿ ಕೂಡ ಮಾಡಬಹುದಾದ ಲೆಕ್ಕ.

ಕಷ್ಟ ಇರೋದು ಮುಂದೆ. ಸೇತುವೆ ಕಟ್ಟೋರಿಗೆ, ಡ್ಯಾಮ್ ಕಟ್ಟೋರಿಗೆ 100 ವರ್ಷದ, 500 ವರ್ಷದ ಪ್ರವಾಹದ ಅಂಕಿ ಬೇಕು. ಕೈಲಿರೋದು 40 ವರ್ಷದ ದಾಖಲೆ. ಆದ್ದರಿಂದ ಆ 40 ಅಂಕಿಗಳ ಮೇಲೆ ಒಂದು ರೇಖೆ ಹೊಂದಿಸಿ, ಅದನ್ನ ಮುಂದಕ್ಕೆ ಎಳೀತಾರೆ. ಯಾವ ಆಕಾರದ ರೇಖೆ ಅನ್ನೋದಕ್ಕೆ ನಮ್ಮ ಕಾಲೇಜುಗಳಲ್ಲಿ ಮೊದಲು ಕಲಿಸೋದು ಗುಂಬೆಲ್ ವಿಧಾನ. ಸಿವಿಲ್ ಓದಿದವರು ಪರೀಕ್ಷೆಗೆ ಈ ಲೆಕ್ಕವನ್ನ ಬಾಯಿಪಾಠ ಮಾಡಿರ್ತೀರಿ.

ಎಮಿಲ್ ಗುಂಬೆಲ್ 1891ರಲ್ಲಿ ಮ್ಯೂನಿಕ್‌ನಲ್ಲಿ ಹುಟ್ಟಿದ ಗಣಿತಜ್ಞ. ನದಿಗಳ ಲೆಕ್ಕಕ್ಕೆ ಬರುವ ಮೊದಲು ಅವರು ಬೇರೆಯೇ ಒಂದು ಲೆಕ್ಕ ಇಟ್ಟಿದ್ದರು. ಮೊದಲನೇ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯಲ್ಲಿ ನಡೆದ ರಾಜಕೀಯ ಕೊಲೆಗಳನ್ನು ಒಂದೊಂದಾಗಿ ಎಣಿಸಿ, ಯಾವ ಪಕ್ಷದವರಿಗೆ ಎಷ್ಟು ಶಿಕ್ಷೆಯಾಯಿತು ಅಂತ 1922ರಲ್ಲೇ ಪುಸ್ತಕ ಬರೆದರು. ಬಲಪಂಥೀಯ ಕೊಲೆಗಾರರು ಸಲೀಸಾಗಿ ಪಾರಾಗ್ತಿದ್ದರು ಅನ್ನೋದು ಅಂಕಿಗಳಲ್ಲೇ ಕಾಣ್ತಿತ್ತು. 1932ರಲ್ಲಿ ಅವರ ವಿಶ್ವವಿದ್ಯಾಲಯದ ಕೆಲಸ ಹೋಯಿತು. ಫ್ರಾನ್ಸಿಗೆ, ಆಮೇಲೆ ಅಮೆರಿಕಕ್ಕೆ ಹೋದರು. ಪ್ರವಾಹಗಳ ಮರುಕಳಿಕೆಯ ಬಗ್ಗೆ ಅವರ ಪ್ರಬಂಧ ಬಂದದ್ದು 1941ರಲ್ಲಿ. ಇಷ್ಟೆಲ್ಲ ಯಾಕೆ ಹೇಳಿದೆ ಅಂದ್ರೆ, ಈ ವಿಧಾನ ಹುಟ್ಟಿದ್ದೇ ಅಂಕಿ ಮುಚ್ಚಿಡಬಾರದು ಅಂತ ನಂಬಿದ ಮನುಷ್ಯನ ಕೈಯಲ್ಲಿ. ನಾವು ಅದನ್ನ ಪರೀಕ್ಷೆಯ ಹತ್ತು ಅಂಕಕ್ಕೆ ಇಳಿಸಿಬಿಟ್ಟಿದ್ದೀವಿ.

ಆ ಮಾತು ಯಾಕೆ ದಾರಿ ತಪ್ಪಿಸುತ್ತೆ?

‘ನೂರು ವರ್ಷದ ಪ್ರವಾಹ’ ಅಂದರೆ ಪ್ರತಿ ವರ್ಷವೂ ಅಂಥದ್ದು ಬರೋ ಸಾಧ್ಯತೆ ಶೇ. 1 ಅಂತ ಅರ್ಥ. ಹೋದ ವರ್ಷ ಬಂದಿದ್ದರೂ ಈ ವರ್ಷ ಶೇ. 1. ಚೌಕಾಬಾರ ಆಡಿದವರಿಗೆ ಇದು ಗೊತ್ತು. ಈಗಷ್ಟೇ ಚೌಕ ಬಿತ್ತು ಅಂತ ಮುಂದಿನ ಸಲ ಕವಡೆಗಳೇನು ನೆನಪಿಟ್ಟುಕೊಂಡು ಬೇರೆ ಥರ ಬೀಳ್ತಾವಾ? ಹೊಳೆಗೂ ಹಾಗೆ ನೆನಪಿಲ್ಲ.

ವರ್ಷಕ್ಕೆ ಶೇ. 1 ಅಂದ್ರೆ ಚಿಕ್ಕದು ಅನ್ಸುತ್ತೆ. ಕೂಡಿಸ್ತಾ ಹೋಗಿ ನೋಡಿ. 30 ವರ್ಷದ ಗೃಹಸಾಲ ತೀರಿಸೋ ಅಷ್ಟರಲ್ಲಿ ಅಂಥ ಪ್ರವಾಹ ಒಮ್ಮೆಯಾದರೂ ಬರೋ ಸಾಧ್ಯತೆ ಶೇ. 26. ಅಂದ್ರೆ ನಾಲ್ಕು ಮನೆಯಲ್ಲಿ ಒಂದು. ಹೊಳೆ ದಂಡೆಯಲ್ಲಿ 70 ವರ್ಷ ಬಾಳಿದವರಿಗೆ ಶೇ. 50ಕ್ಕಿಂತ ಒಂದು ಕೂದಲು ಜಾಸ್ತಿ. ನೂರು ವರ್ಷದಲ್ಲಿ ಬಂದೇ ಬರುತ್ತೆ ಅಂತಲೂ ಇಲ್ಲ, ಅದು ಶೇ. 63.

ಇನ್ನೊಂದು ಗೊಂದಲ. ಪ್ರತಿ ವರ್ಷ ಯಾವುದಾದರೂ ಒಂದು ಕಡೆ ‘ಶತಮಾನದ ಪ್ರವಾಹ’ ಅಂತ ಸುದ್ದಿ ಬರುತ್ತಲ್ಲ, ಅದು ಹೇಗೆ? ಒಂದಕ್ಕೊಂದು ಸಂಬಂಧವಿಲ್ಲದ 50 ನದಿ ಇದೆ ಅಂದುಕೊಳ್ಳಿ. ಪ್ರತಿಯೊಂದಕ್ಕೂ ವರ್ಷಕ್ಕೆ ಶೇ. 1. ಆ ಐವತ್ತರಲ್ಲಿ ಎಲ್ಲೋ ಒಂದು ಕಡೆಯಾದರೂ ಈ ವರ್ಷ ಬರೋ ಸಾಧ್ಯತೆ ಹತ್ತಿರ ಹತ್ತಿರ ಶೇ. 40. ಆಗ ಟಿವಿಯವರು ‘ನೂರು ವರ್ಷದಲ್ಲೇ ಮೊದಲು’ ಅಂತಾರೆ, ಜನ ‘ಮೊನ್ನೆ ಅಲ್ಲಿ ಬಂತು, ಇವತ್ತು ಇಲ್ಲಿ ಬಂತು, ಈ ಲೆಕ್ಕ ಎಲ್ಲ ಸುಳ್ಳು’ ಅಂತಾರೆ. ಒಂದೇ ಮಾತು ಒಬ್ಬರಿಗೆ ಸುಳ್ಳು ಧೈರ್ಯ ಕೊಡುತ್ತೆ, ಇನ್ನೊಬ್ಬರಿಗೆ ಲೆಕ್ಕದ ಮೇಲಿನ ನಂಬಿಕೆಯನ್ನೇ ತೆಗೆಯುತ್ತೆ.

ಆ ಸುಳ್ಳು ಧೈರ್ಯಕ್ಕೆ ಬೆಲೆ ಇದೆ. 2009ರ ನಂತರ ‘ಆಸರೆ’ ಯೋಜನೆಯಲ್ಲಿ ದಾನಿಗಳೂ ಸರ್ಕಾರವೂ ಸೇರಿ ಎತ್ತರದ ಜಾಗದಲ್ಲಿ ಹೊಸ ಮನೆ ಕಟ್ಟಿಸಿದರು. ಎಷ್ಟೋ ಊರಲ್ಲಿ ಜನ ಅಲ್ಲಿ ನಿಲ್ಲದೆ ಹಳೇ ಊರಿಗೇ ವಾಪಸ್ ಬಂದರು. ಹೊಲ ದೂರ, ಮನೆ ಚಿಕ್ಕದು, ದನ ಕಟ್ಟೋಕೆ ಜಾಗ ಇಲ್ಲ, ಇವೆಲ್ಲ ನಿಜವಾದ ಕಾರಣಗಳೇ. ಆದರೆ ಆ ತಕ್ಕಡಿಯ ಇನ್ನೊಂದು ಕಡೆ ‘ಇನ್ನ ನೂರು ವರ್ಷ ಚಿಂತಿ ಇಲ್ಲ’ ಅನ್ನೋ ಮಾತೂ ಕೂತಿತ್ತು. ‘ಮುಂದಿನ 30 ವರ್ಷದಲ್ಲಿ ನಾಲ್ಕಕ್ಕೆ ಒಂದು’ ಅಂತ ಅದೇ ಮನೆಯವರಿಗೆ ಹೇಳಿದ್ದರೆ ಎಲ್ಲರೂ ಹೊಸ ಮನೆಯಲ್ಲೇ ಇರ್ತಿದ್ದರು ಅಂತ ನಾನು ಹೇಳಲ್ಲ. ಆದರೆ ನಿಜವಾದ ಅಂಕಿ ಕೈಲಿಟ್ಟುಕೊಂಡು ತೀರ್ಮಾನ ಮಾಡೋ ಹಕ್ಕು ಅವರಿಗಿತ್ತು.

ಅಂಕಿಯೂ ಅಲುಗಾಡುತ್ತೆ

ಸರಿ, ಶೇ. 1 ಅಂತ ಹೇಳಿದರೆ ಸಾಕಾ? ಸಾಲದು. ಆ ಅಂಕಿ ಎಷ್ಟು ಗಟ್ಟಿ ಅನ್ನೋದನ್ನೂ ಹೇಳಬೇಕು. ಒಂದು ಉದಾಹರಣೆ ಕೊಡ್ತೀನಿ, ಇದು ಯಾವ ನದಿಯದ್ದೂ ಅಲ್ಲ, ಲೆಕ್ಕಕ್ಕೆ ಅಂತ ನಾನೇ ಇಟ್ಟುಕೊಂಡದ್ದು. 30 ವರ್ಷದ ದಾಖಲೆ ಇದೆ. ವಾರ್ಷಿಕ ಗರಿಷ್ಠ ಹರಿವಿನ ಸರಾಸರಿ 1 ಲಕ್ಷ ಕ್ಯುಸೆಕ್, ಏರಿಳಿತದ ಅಳತೆ, ಅಂದ್ರೆ ಸ್ಟ್ಯಾಂಡರ್ಡ್ ಡೀವಿಯೇಷನ್, 50 ಸಾವಿರ ಕ್ಯುಸೆಕ್. ಗುಂಬೆಲ್ ವಿಧಾನದಲ್ಲಿ ನೂರು ವರ್ಷದ ಪ್ರವಾಹ ಸುಮಾರು 2.57 ಲಕ್ಷ ಕ್ಯುಸೆಕ್ ಅಂತ ಬರುತ್ತೆ. ಉತ್ತರ ಪತ್ರಿಕೆಯಲ್ಲಿ ಇಷ್ಟು ಬರೆದರೆ ಪೂರ್ತಿ ಅಂಕ.

ಆದರೆ ಅದೇ ವಿಧಾನದಲ್ಲಿ ಶೇ. 95ರ ವಿಶ್ವಾಸದ ಮಿತಿ ಹಾಕಿ ನೋಡಿದರೆ, ನಿಜವಾದ ಬೆಲೆ 1.87 ಲಕ್ಷದಿಂದ 3.27 ಲಕ್ಷದ ನಡುವೆ ಎಲ್ಲಿ ಬೇಕಾದರೂ ಇರಬಹುದು. ಅದೇ ರೇಖೆಯ ಮೇಲೆ 1.87 ಲಕ್ಷ ಅನ್ನೋದು 17 ವರ್ಷದ ಪ್ರವಾಹ. 3.27 ಲಕ್ಷ ಅನ್ನೋದು 600 ವರ್ಷದ್ದು. ಅಂದ್ರೆ ‘ನೂರು ವರ್ಷಕ್ಕೊಮ್ಮೆ’ ಅಂತ ಖಡಾಖಂಡಿತವಾಗಿ ಹೇಳಿದ ಮಾತಿನ ಹಿಂದೆ 17ರಿಂದ 600ರವರೆಗಿನ ಅನುಮಾನ ಕೂತಿದೆ. ಮಲಪ್ರಭಾ ದಂಡೆಯ ರೈತನಿಗೆ ಇದನ್ನ ಯಾರೂ ಹೇಳಲಿಲ್ಲ.

ದಾಖಲೆ ಚಿಕ್ಕದು ಅನ್ನೋದು ಒಂದೇ ತೊಂದರೆ ಅಲ್ಲ. ಈ ಲೆಕ್ಕದ ಅಡಿಪಾಯದಲ್ಲಿ ಒಂದು ನಂಬಿಕೆ ಇದೆ: ಎಲ್ಲ ವರ್ಷದ ಅಂಕಿಗಳೂ ಒಂದೇ ಚೀಲದಿಂದ ತೆಗೆದ ಕಾಳುಗಳು ಅಂತ. ನಮ್ಮ ನದಿಗಳಲ್ಲಿ ಹಾಗಿಲ್ಲ. 2009ರ ನೆರೆ ಬಂದದ್ದು ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ, ಹಸ್ತ ಮಳೆ ಹೊತ್ತಿಗೆ, ಮಳೆಗಾಲ ಮುಗೀತು ಅಂತ ಕೂತಿದ್ದ ರಾಯಚೂರು, ಬಳ್ಳಾರಿ, ವಿಜಾಪುರ, ಬಾಗಲಕೋಟೆಯ ಬಯಲಿನ ಮೇಲೆ. 2019ರದ್ದು ಆಗಸ್ಟ್‌ನಲ್ಲಿ, ಪಶ್ಚಿಮ ಘಟ್ಟದ ಮೇಲೆ ಸುರಿದ ಮಳೆಯಿಂದ. ಎರಡೂ ಬೇರೆ ಬೇರೆ ಜಾತಿಯ ಪ್ರವಾಹ. ಇವನ್ನ ಒಂದೇ ಸಾಲಲ್ಲಿ ನಿಲ್ಲಿಸಿ ಒಂದೇ ರೇಖೆ ಎಳೆದರೆ ಎರಡಕ್ಕೂ ನ್ಯಾಯ ಆಗಲ್ಲ. ಬೇರೆ ಮಾಡಿ ಲೆಕ್ಕ ಹಾಕಿ ಆಮೇಲೆ ಕೂಡಿಸೋ ವಿಧಾನ ಇದೆ, ಅದನ್ನ ಬಳಸಬೇಕು.

ಇನ್ನು ಡ್ಯಾಮುಗಳು. ನವಿಲುತೀರ್ಥದಲ್ಲಿ ಅಣೆಕಟ್ಟು ಬಂದ ಮೇಲೆ ಮಲಪ್ರಭಾ ಬೇರೆಯೇ ನದಿ. ಮಾಮೂಲಿ ವರ್ಷಗಳಲ್ಲಿ ಕೆಳಗೆ ನೀರು ಕಡಿಮೆ, ಆದ್ದರಿಂದ ಪಾತ್ರದೊಳಗೇ ಉಳುಮೆ ಶುರುವಾಯ್ತು, ಹೊಳೆ ಕಿರಿದಾಯ್ತು. ಈ ಅತಿಕ್ರಮಣದ ಸುದ್ದಿ ಪತ್ರಿಕೆಗಳಲ್ಲಿ ಎಷ್ಟು ಸಲ ಬಂದಿಲ್ಲ? ಕಿರಿದಾದ ಹೊಳೆಯಲ್ಲಿ ಅದೇ ನೀರು ಹೆಚ್ಚು ಎತ್ತರಕ್ಕೆ ಏರುತ್ತೆ. ಜಲಾಶಯ ತುಂಬಿರುವಾಗ ಮೇಲಿಂದ ದೊಡ್ಡ ಒಳಹರಿವು ಬಂದರೆ ಗೇಟು ತೆಗೆಯದೆ ಬೇರೆ ದಾರಿ ಇಲ್ಲ. ಅಣೆಕಟ್ಟಿನ ಮೊದಲಿನ ಅಂಕಿ, ನಂತರದ ಅಂಕಿ ಎರಡನ್ನೂ ಒಂದೇ ಚೀಲಕ್ಕೆ ಹಾಕಿದರೆ ಬರೋ ಉತ್ತರ ಯಾವ ನದಿಯದ್ದು? ಅದರ ಮೇಲೆ ಹವಾಮಾನವೂ ಬದಲಾಗ್ತಿದೆ. ಹಿಂದಿನ ನೂರು ವರ್ಷ ಮುಂದಿನ ನೂರು ವರ್ಷದ ಅಳತೆಗೋಲು ಅನ್ನೋ ನಂಬಿಕೆ ಸತ್ತುಹೋಗಿದೆ ಅಂತ ಜಲವಿಜ್ಞಾನಿಗಳ ಒಂದು ತಂಡ 2008ರಲ್ಲೇ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದಿತ್ತು.

ಅಂದಾಜು ಮೀರಿದಾಗ ಏನಾಗುತ್ತೆ ಅನ್ನೋದಕ್ಕೂ 2009ರಲ್ಲೇ ಸಾಕ್ಷಿ ಇದೆ. ನಮ್ಮ ಕೃಷ್ಣಾ, ತುಂಗಭದ್ರಾ ಎರಡರ ನೀರೂ ಕೆಳಗೆ ಹೋಗಿ ಸೇರೋದು ಆಂಧ್ರದ ಶ್ರೀಶೈಲ ಜಲಾಶಯಕ್ಕೆ. ಅದನ್ನ ಕಟ್ಟಿದ್ದು ಸುಮಾರು 19 ಲಕ್ಷ ಕ್ಯುಸೆಕ್ ಬರಬಹುದು ಅಂತ. ಆ ಅಕ್ಟೋಬರ್ 2ರಂದು ಬಂದದ್ದು 25 ಲಕ್ಷ ಕ್ಯುಸೆಕ್‌ಗೂ ಹೆಚ್ಚು. ಅಣೆಕಟ್ಟು ತಡೆದುಕೊಂಡಿತು, ಕರ್ನೂಲು ನಗರ ಮುಳುಗಿತು.

ಹಾಗಾದರೆ ಏನು ಮಾಡಬೇಕು?

ಮೊದಲನೆಯದು ಮಾತು ಬದಲಾಯಿಸೋದು. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ, ಆಸ್ಟ್ರೇಲಿಯಾದ ಎಂಜಿನಿಯರುಗಳ ಮಾರ್ಗದರ್ಶಿ, ಇಬ್ಬರೂ ‘ನೂರು ವರ್ಷದ ಪ್ರವಾಹ’ ಅನ್ನೋದರ ಬದಲು ವರ್ಷಕ್ಕೆ ಶೇಕಡಾ ಎಷ್ಟು ಸಾಧ್ಯತೆ ಅಂತ ಹೇಳಿ ಅಂತಾರೆ. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಅಂತೀನಿ: ಮನೆ ಕಟ್ಟೋರಿಗೆ 30 ವರ್ಷದ ಅಂಕಿ ಹೇಳಿ. ‘ಈ ಜಾಗದಲ್ಲಿ ಮನೆ ಕಟ್ಟಿದರೆ, ನಿಮ್ಮ ಮಗಳ ಮದುವೆ ಹೊತ್ತಿಗೆ ನಾಲ್ಕರಲ್ಲಿ ಒಂದು ಮನೆಗೆ ನೀರು ನುಗ್ಗೋ ಸಾಧ್ಯತೆ’ ಅಂದ್ರೆ ಯಾರಿಗೆ ಅರ್ಥ ಆಗಲ್ಲ?

“ಹಳ್ಳಿ ಜನಕ್ಕೆ ಶೇಕಡಾ ಎಲ್ಲ ತಿಳಿಯಲ್ಲ” ಅಂತ ಕೆಲವರು ಹೇಳ್ತಾರೆ. ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತೆ. ಮೃಗಶಿರಾ ಕೈಕೊಟ್ಟರೆ ಏನು ಬಿತ್ತಬೇಕು, ಎಷ್ಟು ಎಕರೆಗೆ ಹತ್ತಿ, ಎಷ್ಟಕ್ಕೆ ತೊಗರಿ ಅಂತ ಪ್ರತಿ ವರ್ಷ ಸಾಲದ ದುಡ್ಡಲ್ಲಿ ಪಣ ಕಟ್ಟೋ ರೈತನಿಗಿಂತ ಚೆನ್ನಾಗಿ ಸಾಧ್ಯತೆಯ ಲೆಕ್ಕ ಯಾರಿಗೆ ಗೊತ್ತು? ತಿಳಿಯದೆ ಇರೋದು ಜನರಿಗಲ್ಲ, ನಮಗೆ ತಿಳಿಸೋಕೆ ಬರ್ತಿಲ್ಲ.

“ಅಂಕಿಯೇ ಇಷ್ಟು ಅಲುಗಾಡಿದರೆ ಯಾಕೆ ಹೇಳಬೇಕು, ಸುಮ್ಮನೆ ಗೊಂದಲ” ಅಂತ ಇನ್ನು ಕೆಲವರು. ಡಾಕ್ಟರು ಆಪರೇಷನ್‌ಗೆ ಮೊದಲು ಅಪಾಯ ಎಷ್ಟು ಅಂತ ಹೇಳಲ್ವಾ? ಅವರಿಗೂ ಖಚಿತವಾಗಿ ಗೊತ್ತಿರಲ್ಲ. ಗೊತ್ತಿರೋ ಅಷ್ಟನ್ನ, ಗೊತ್ತಿಲ್ಲದ್ದರ ಗಾತ್ರದ ಜೊತೆ ಹೇಳೋದೇ ಪ್ರಾಮಾಣಿಕತೆ. ಅನಿಶ್ಚಿತತೆ ದೊಡ್ಡದು ಅಂದ್ರೆ ಮನೆಯ ಪಾಯ ಇನ್ನೂ ಎರಡು ಅಡಿ ಎತ್ತರಿಸಿ ಅಂತ ಅರ್ಥ, ಲೆಕ್ಕ ಬಿಟ್ಟುಬಿಡಿ ಅಂತ ಅಲ್ಲ.

ಎರಡನೆಯದು ಕಾನೂನು. ನದಿ ಬಯಲಲ್ಲಿ ಎಲ್ಲಿ ಏನು ಕಟ್ಟಬಹುದು ಅಂತ ವಲಯ ಗುರುತಿಸೋ ಒಂದು ಮಾದರಿ ಮಸೂದೆಯನ್ನ ಕೇಂದ್ರ ಸರ್ಕಾರ 1975ರಲ್ಲೇ ರಾಜ್ಯಗಳಿಗೆ ಕಳಿಸಿತ್ತು. ಮಣಿಪುರ 1978ರಲ್ಲಿ, ರಾಜಸ್ಥಾನ 1990ರಲ್ಲಿ, ಉತ್ತರಾಖಂಡ 2012ರಲ್ಲಿ ಅಂಥ ಕಾನೂನು ಮಾಡಿದವು. ಕರ್ನಾಟಕ ಆ ಪಟ್ಟಿಯಲ್ಲಿಲ್ಲ. ನಾವು ಹುಟ್ಟೋದಕ್ಕೆ ಕಾಲು ಶತಮಾನ ಮೊದಲು ಬಂದ ಕಾಗದ ಅದು, ನೋಡಿ.

ಆ ಮಾದರಿಯಲ್ಲೂ ನನಗೊಂದು ತಕರಾರಿದೆ. ಆಸ್ಪತ್ರೆ, ವಿದ್ಯುತ್ ಕೇಂದ್ರದಂಥವು ನೂರು ವರ್ಷದ ಪ್ರವಾಹದ ಮಟ್ಟಕ್ಕಿಂತ ಮೇಲಿರಬೇಕು ಅಂತ ಅದು ಹೇಳುತ್ತೆ, ಸರಿ. ವಾಸದ ಮನೆಗಳಿಗೆ ಮಾತ್ರ 25 ವರ್ಷದ ಪ್ರವಾಹದ ಮಟ್ಟ ಸಾಕು ಅನ್ನುತ್ತೆ. ವರ್ಷಕ್ಕೆ ಶೇ. 4. ಕೇಳೋಕೆ ಪರವಾಗಿಲ್ಲ. 30 ವರ್ಷಕ್ಕೆ ಕೂಡಿಸಿದರೆ ಶೇ. 71. ಹತ್ತರಲ್ಲಿ ಏಳು ಮನೆಯವರು ಸಾಲ ತೀರಿಸೋ ಮೊದಲೇ ಒಮ್ಮೆ ನೀರು ನೋಡ್ತಾರೆ. ಇದನ್ನ ‘25 ವರ್ಷದ ಪ್ರವಾಹ’ ಅಂತ ಬರೆದರೆ ಸಭೆಯಲ್ಲಿ ಯಾರೂ ತಲೆ ಎತ್ತಲ್ಲ. ‘ಹತ್ತರಲ್ಲಿ ಏಳು’ ಅಂತ ಬರೆದು ನೋಡಿ. ಮಾತು ಬದಲಾದರೆ ತೀರ್ಮಾನವೂ ಬದಲಾಗುತ್ತೆ ಅಂತ ನಾನು ಇಷ್ಟು ಹೊತ್ತು ವಾದಿಸ್ತಿರೋದು ಇದಕ್ಕೇ.

ಮೂರನೆಯದು ಊರಿನ ನಕ್ಷೆ. ಕೇಂದ್ರ ಜಲ ಆಯೋಗ ನದಿಗಳ ಹರಿವು ಅಳೆಯುತ್ತೆ, ಕೃಷ್ಣಾ ಕೊಳ್ಳದ ಎಷ್ಟೋ ಕೇಂದ್ರಗಳ ಅಂಕಿ ಅಂತರ್ಜಾಲದಲ್ಲೇ ಸಿಗುತ್ತೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದೆ. ಇದು ಸಣ್ಣ ಕೆಲಸವಲ್ಲ, ಮೆಚ್ಚಬೇಕು. ಮಳೆಯನ್ನ ಪಂಚಾಯಿತಿ ಮಟ್ಟದಲ್ಲಿ ಅಳೆಯೋಕೆ ಆಗುತ್ತೆ ಅಂದ ಮೇಲೆ, ಪ್ರವಾಹದ ಸಾಧ್ಯತೆಯನ್ನೂ ಆ ಮಟ್ಟಕ್ಕೆ ಇಳಿಸಬೇಕು. ಪಂಚಾಯಿತಿ ಕಚೇರಿಯ ಗೋಡೆ ಮೇಲೆ ಊರಿನ ನಕ್ಷೆ. ಅದರಲ್ಲಿ ಮೂರು ಬಣ್ಣ: 30 ವರ್ಷದಲ್ಲಿ ಹತ್ತಕ್ಕೆ ಏಳು, ಎರಡಕ್ಕೆ ಒಂದು, ನಾಲ್ಕಕ್ಕೆ ಒಂದು. ಮೇಲೆ ಎಷ್ಟು ವರ್ಷದ ದಾಖಲೆಯಿಂದ ಈ ಲೆಕ್ಕ ಅಂತ ಒಂದು ಸಾಲು. ಹತ್ತು ವರ್ಷಕ್ಕೊಮ್ಮೆ ಹೊಸ ಅಂಕಿ ಸೇರಿಸಿ ತಿದ್ದುಪಡಿ. ಅಷ್ಟೇ ನಾನು ಕೇಳ್ತಿರೋದು.

ನಾವೇನು ಮಾಡಬಹುದು?

ಇಲ್ಲಿಂದ ನಮ್ಮದೂ ಒಂದು ಪಾಲಿದೆ. ದಾಖಲೆ ಚಿಕ್ಕದು ಅನ್ನೋದೇ ದೊಡ್ಡ ತೊಂದರೆ ಅಂದೆನಲ್ಲ, ಅದನ್ನ ಹಿಂದಕ್ಕೆ ಉದ್ದ ಮಾಡೋಕೆ ದಾರಿ ಇದೆ. ಪುಣೆಯ ವಿಶ್ವಾಸ ಕಾಳೆ ಮತ್ತು ಜೊತೆಗಾರರು ನರ್ಮದಾ, ತಾಪಿ ನದಿಗಳಲ್ಲಿ, ಹಳೇ ಪ್ರವಾಹಗಳು ಎತ್ತರದಲ್ಲಿ ಬಿಟ್ಟುಹೋದ ಹೂಳಿನ ಪದರಗಳನ್ನ ಓದಿ, ಮಾಪಕ ಇಲ್ಲದ ಕಾಲದ ಪ್ರವಾಹಗಳ ಲೆಕ್ಕ ತೆಗೆದರು. ಅಮೆರಿಕದ 2018ರ ಮಾರ್ಗಸೂಚಿ ಇಂಥ ಹಳೇ ಗುರುತುಗಳನ್ನ, ಜನರ ನೆನಪಿನ ದಾಖಲೆಗಳನ್ನ ಲೆಕ್ಕಕ್ಕೆ ಸೇರಿಸೋದು ಹೇಗೆ ಅಂತ ವಿವರವಾಗಿ ಹೇಳುತ್ತೆ.

ನಮ್ಮಲ್ಲಿ ಗುರುತುಗಳಿಗೆ ಬರವಿಲ್ಲ. ನಂಜನಗೂಡಿನಲ್ಲಿ ಕಪಿಲೆ ಎಷ್ಟು ಬಂತು ಅಂತ ಯಾರೂ ಕ್ಯುಸೆಕ್ ಕೇಳಲ್ಲ, ‘ಹದಿನಾರು ಕಾಲು ಮಂಟಪ ಮುಳುಗಿತಾ?’ ಅಂತಾರೆ. ಶಿವಮೊಗ್ಗದವರಿಗೆ ಕೋರ್ಪಲಯ್ಯ ಛತ್ರದ ಹತ್ತಿರದ ಮಂಟಪ. ಹಂಪಿಯಲ್ಲಿ ಪುರಂದರದಾಸರ ಮಂಟಪ. ಇವು ನಮ್ಮ ಹಿರಿಯರ ಮಾಪಕಗಳು. ಮಂಟಪದ ಎತ್ತರ ಒಮ್ಮೆ ಅಳೆದರೆ, ಅದು ಮುಳುಗಿದ ಪ್ರತಿ ವರ್ಷವೂ ಒಂದು ಅಂಕಿ. ಹಳೇ ಪತ್ರಿಕೆಗಳಲ್ಲಿ ಆ ವರ್ಷಗಳು ಇವೆ, ಹುಡುಕಬೇಕು.

1924ರ ಜುಲೈ ನೆನಪಿಸಿಕೊಳ್ಳಿ. ಕನ್ನಂಬಾಡಿ ಕಟ್ಟೆ ಇನ್ನೂ ಕಟ್ಟುತ್ತಿದ್ದ ಕಾಲ, ಕಾವೇರಿ ಉಕ್ಕಿ ಕೆಳಗಿನ ತಂಜಾವೂರಿನ ತನಕ ಹಾಳುಮಾಡಿತು. ಕೇರಳದವರು ಅದನ್ನ ‘99ರ ನೆರೆ’ ಅಂತಾರೆ, ಅವರ ಕೊಲ್ಲಂ ಪಂಚಾಂಗದಲ್ಲಿ ಆಗ 1099ನೇ ವರ್ಷ. ದೋಹಾದಲ್ಲಿ ನಿಮ್ಮ ಮಲಯಾಳಿ ರೂಮ್‌ಮೇಟ್‌ನ ಕೇಳಿ ನೋಡಿ, ಅವನ ಅಜ್ಜಿ ಹೇಳಿದ ಕಥೆ ಇರುತ್ತೆ. ನಮ್ಮ ಕಡೆಯ ಕಥೆಗಳನ್ನ ಯಾರು ಬರೆದಿಟ್ಟಿದ್ದಾರೆ?

ಈ ಸಲ ರಜೆಗೆ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ನಿಮ್ಮೂರು ಹೊಳೆ ದಂಡೆಯಲ್ಲಿದ್ದರೆ, ಹಳೇ ಗುಡಿಯ ಗೋಡೆ, ಶಾಲೆಯ ಕಂಬ, ಯಾರದ್ದಾದರೂ ಮನೆಯ ಬಾಗಿಲ ಚೌಕಟ್ಟು, ಎಲ್ಲಿ ನೀರಿನ ಗೆರೆ ಇದೆಯೋ ಅಲ್ಲಿ ನಿಂತು, ಪಕ್ಕದಲ್ಲಿ ಟೇಪ್ ಹಿಡಿದು ನೆಲದಿಂದ ಎಷ್ಟು ಎತ್ತರ ಅಂತ ಕಾಣೋ ಹಾಗೆ ಫೋಟೋ ತೆಗೀರಿ. ಫೋನಿನ ಲೊಕೇಷನ್ ಆನ್ ಇರಲಿ. ಅದು ಯಾವ ವರ್ಷದ್ದು, ಯಾವ ತಿಂಗಳು, ರಾತ್ರಿಯಾ ಹಗಲಾ, ಎಷ್ಟು ದಿನ ನಿಂತಿತ್ತು ಅಂತ ಮನೆಯ ಹಿರಿಯರನ್ನ ಕೇಳಿ ಬರ್ಕೊಳ್ಳಿ. ಒಬ್ಬರು ಹೇಳಿದ್ದು ಸಾಲದು, ಇಬ್ಬರು ಮೂವರನ್ನ ಕೇಳಿ. ಗೋಡೆಗೆ ಸುಣ್ಣ ಬಳಿಯೋ ಮೊದಲು ಈ ಕೆಲಸ ಆಗಬೇಕು, ಯುಗಾದಿ ಬಂತು ಅಂದ್ರೆ ಗೆರೆ ಹೋಯ್ತು.

ನಮ್ಮ ಸಂಘದಲ್ಲಿ ಸಿವಿಲ್‌ನವರು ಇದ್ದೀವಿ, ಕಂಪ್ಯೂಟರ್ ಸೈನ್ಸ್‌ನವರು ಇದ್ದೀರಿ, ಸ್ಟಾಟಿಸ್ಟಿಕ್ಸ್ ಓದ್ತಿರೋರು ಇದ್ದೀರಿ. ಫೋಟೋ, ಅಳತೆ, ದಿನಾಂಕ ನನಗೆ ಕಳಿಸಿ. ಮೊದಲ ವರ್ಷ ಹತ್ತು ಊರಿನದ್ದು ಸಿಕ್ಕರೂ ಸಾಕು. ಅವನ್ನ ಒಂದು ಪಟ್ಟಿ ಮಾಡಿ, ಅಂತರ್ಜಾಲದಲ್ಲಿ ಸಿಗೋ ಹರಿವಿನ ಅಂಕಿಗಳ ಜೊತೆ ಹೋಲಿಸಿ, ಮುಂದಿನ ಸಂಚಿಕೆಯಲ್ಲಿ ಆ ಹತ್ತು ಊರಿನ 30 ವರ್ಷದ ಅಂಕಿ ಹಾಕೋಣ, ಎಷ್ಟು ಅಲುಗಾಡುತ್ತೆ ಅನ್ನೋದರ ಸಮೇತ. ಆಮೇಲೆ ಆ ಪುಟವನ್ನ ಪ್ರಿಂಟ್ ತೆಗೆದು ಆಯಾ ಪಂಚಾಯಿತಿಗೆ ಕೊಟ್ಟು ಬರೋಣ.